ಘಾಟಿ ಇಳಿಯುವ ಮೊದಲು ಓವರ್‌ಡ್ರೈವ್ ಆಫ್ ಮಾಡಿ

ಮಾರುತಿ ಜಿಮ್ನಿ ಆಟೋಮ್ಯಾಟಿಕ್ ಇಟ್ಟುಕೊಂಡು ಮಲೆನಾಡು, ಕರಾವಳಿ ಕಡೆ ಓಡಾಡುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವವರಂತೂ ಓದಲೇಬೇಕು. ಗೇರ್ ಲಿವರ್ ಮೇಲೆ ಓ/ಡಿ, ಅಂದರೆ ಓವರ್‌ಡ್ರೈವ್, ಅಂತ ಒಂದು ಪುಟ್ಟ ಬಟನ್ ಇದೆ. ಅದರ ಕೆಲಸ ಏನು ಅಂತ ತಿಳಿಯದೆ ಘಾಟಿಗೆ ಹೋಗಬೇಡಿ.

ನಮ್ಮ ಭಾವ ಈ ಗಾಡಿಯನ್ನು ಸೆಕೆಂಡ್ ಹ್ಯಾಂಡ್ ತೆಗೆದುಕೊಂಡರು. ಮಾರಿದವರು ಗಾಡಿಯ ಪುಸ್ತಕ ಕೊಡಲಿಲ್ಲ. ಬಟನ್ ಬಗ್ಗೆ ಭಾವ ಕೇಳಿದ್ದಕ್ಕೆ, "ಆಟೋಮ್ಯಾಟಿಕ್ ಅಲ್ವಾ ಸರ್, ಡಿಗೆ ಹಾಕಿ ಬಿಟ್ರೆ ಮುಗೀತು. ಆ ಬಟನ್ ಒತ್ತಿದ್ರೆ ಗೇರ್‌ಬಾಕ್ಸ್‌ಗೆ ಲೋಡ್ ಬೀಳುತ್ತೆ, ಮುಟ್ಟೋಕೆ ಹೋಗ್ಬೇಡಿ" ಅಂದರು. ಮಾರುವವರೇ ಇಷ್ಟು ಗಟ್ಟಿಯಾಗಿ ಹೇಳಿದರೆ ಯಾರಾದರೂ ನಂಬುತ್ತಾರೆ.

ಮಳೆಗಾಲದ ಕೊನೆಯಲ್ಲಿ ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುತ್ತಿದ್ದೆವು. ಭಾವ ಓಡಿಸುತ್ತಿದ್ದರು. ಅಕ್ಕ, ಮಗು, ನಾನು ಜೊತೆಗಿದ್ದೆವು. ಮಂಜು ಇತ್ತು, ರಸ್ತೆ ಒದ್ದೆ, ವೇಗವೂ ಜಾಸ್ತಿ ಇರಲಿಲ್ಲ. ಆದರೆ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೂ ಗಾಡಿ ನಿಧಾನವಾಗುತ್ತಿರಲಿಲ್ಲ. ಪ್ರತಿ ತಿರುವಿಗೂ ಬ್ರೇಕ್ ಒತ್ತಬೇಕಾಗಿತ್ತು. ಅಣ್ಣಪ್ಪ ಸ್ವಾಮಿ ಗುಡಿ ದಾಟಿ ಕೆಳಗೆ ಬರುತ್ತಿದ್ದಂತೆ ಸುಟ್ಟ ವಾಸನೆ ಶುರುವಾಯಿತು. ಸ್ವಲ್ಪ ದೂರದಲ್ಲೇ ಪೆಡಲ್ ಮೆತ್ತಗಾಯಿತು. ಒತ್ತಿದರೆ ಕಾಲು ಸೀದಾ ಒಳಗೆ ಹೋಗುತ್ತಿತ್ತು. ಭಾವ ಪೆಡಲನ್ನು ಮತ್ತೆ ಮತ್ತೆ ಒತ್ತುತ್ತಾ, ಹ್ಯಾಂಡ್‌ಬ್ರೇಕ್ ಸ್ವಲ್ಪ ಸ್ವಲ್ಪವೇ ಎಳೆಯುತ್ತಾ, ಗುಡ್ಡದ ಕಡೆಯ ಅಗಲವಾದ ಜಾಗದಲ್ಲಿ ಹೇಗೋ ನಿಲ್ಲಿಸಿದರು. ಮುಂದಿನ ಚಕ್ರಗಳಿಂದ ಹೊಗೆ ಬರುತ್ತಿತ್ತು. ಅಕ್ಕ ಮಗುವನ್ನು ಎತ್ತಿಕೊಂಡು ಇಳಿದವಳು ತುಂಬಾ ಹೊತ್ತು ಮಾತೇ ಆಡಲಿಲ್ಲ.

ಹಿಂದೆ ಬರುತ್ತಿದ್ದ ಲಾರಿಯವರೊಬ್ಬರು ನಿಲ್ಲಿಸಿ, ವಾಸನೆ ನೋಡಿಯೇ, "ಗೇರಲ್ಲಿ ಇಳಿಸಿ ಸಾರ್, ಬ್ರೇಕಲ್ಲಿ ಇಳಿಸ್ಬೇಡಿ" ಅಂದರು. ಅವರು ಹೇಳಿದ್ದೇ ಸರಿ. ಆದರೆ ಊರಿಗೆ ಬಂದಮೇಲೆ ಗ್ಯಾರೇಜಿನವರು ಬ್ರೇಕ್‌ದೇ ತೊಂದರೆ ಅಂತ ಪ್ಯಾಡ್, ಬ್ರೇಕ್ ಆಯಿಲ್ ಎಲ್ಲ ಬದಲಿಸಿ ಬಿಲ್ ಕೊಟ್ಟರು. ಇಳಿಜಾರಿನಲ್ಲಿ ಗಾಡಿಯನ್ನು ಯಾವ ಗೇರಿನಲ್ಲಿ ಓಡಿಸುತ್ತಿದ್ದಿರಿ ಅಂತ ಒಂದು ಮಾತೂ ಕೇಳಲಿಲ್ಲ. ಮುಂದಿನ ಸಲ ಘಾಟಿ ಇಳಿದಾಗ, ಹೊಸ ಪ್ಯಾಡ್ ಇದ್ದರೂ ಅದೇ ವಾಸನೆ!

ಈಗ ವಿಷಯಕ್ಕೆ ಬರುತ್ತೇನೆ. ಇದು ನಾಲ್ಕು ಗೇರಿನ ಆಟೋಮ್ಯಾಟಿಕ್. ಮೂರನೇ ಗೇರಿನಲ್ಲಿ ಎಂಜಿನ್ ಒಂದು ಸುತ್ತು ತಿರುಗಿದರೆ ಗೇರ್‌ಬಾಕ್ಸಿನಿಂದ ಹೊರಗೂ ಒಂದೇ ಸುತ್ತು. ನಾಲ್ಕನೆಯದು ಓವರ್‌ಡ್ರೈವ್. ಅದರಲ್ಲಿ ಎಂಜಿನ್ ಸುಮಾರು 0.7 ಸುತ್ತು ತಿರುಗುವಷ್ಟರಲ್ಲಿ ಹೊರಗೆ ಪೂರ್ತಿ ಒಂದು ಸುತ್ತು ಆಗಿರುತ್ತದೆ. ಸಮತಟ್ಟಾದ ಹೈವೇಯಲ್ಲಿ ಇದು ಒಳ್ಳೆಯದು. ಸದ್ದು ಕಡಿಮೆ, ಪೆಟ್ರೋಲೂ ಉಳಿಯುತ್ತದೆ. ಆದರೆ ಗೇರ್‌ಬಾಕ್ಸಿನ ಕಂಪ್ಯೂಟರ್ ನೋಡುವುದು ಮುಖ್ಯವಾಗಿ ವೇಗವನ್ನು ಮತ್ತು ನಿಮ್ಮ ಕಾಲು ಆಕ್ಸಿಲರೇಟರ್ ಮೇಲೆ ಎಷ್ಟಿದೆ ಅನ್ನುವುದನ್ನು. ಇಳಿಜಾರಿನಲ್ಲಿ ನೀವು ಕಾಲು ತೆಗೆಯುತ್ತೀರಿ. ಅದು, ಇವರಿಗೆ ಇನ್ನು ಶಕ್ತಿ ಬೇಡ ಅಂತ ಲೆಕ್ಕ ಹಾಕಿ ಮೇಲಿನ ಗೇರಿಗೆ ಹೋಗಿಬಿಡುತ್ತದೆ. ಎಂಜಿನ್ ಹಿಡಿತ ಬೇಕಾದಾಗಲೇ ಅದು ತಪ್ಪಿಹೋಗುತ್ತದೆ. ಇದು ಗಾಡಿಯ ದೋಷವಲ್ಲ, ಅದಕ್ಕೇ ಆ ಬಟನ್ ಕೊಟ್ಟಿರುವುದು. ಅದನ್ನು ಒತ್ತಿ ಓವರ್‌ಡ್ರೈವ್ ಆಫ್ ಮಾಡಿದರೆ ಗಾಡಿ ನಾಲ್ಕನೇ ಗೇರಿಗೆ ಹೋಗುವುದಿಲ್ಲ.

ಒಂದು ಲೆಕ್ಕ ನೋಡಿ. ನಾಲ್ಕನೇ ಗೇರಿನಲ್ಲಿ ಎಂಜಿನ್ 1400 ಆರ್‌ಪಿಎಂ ತಿರುಗುತ್ತಿದೆ ಅಂದುಕೊಳ್ಳಿ. ಅದೇ ವೇಗದಲ್ಲಿ ಓವರ್‌ಡ್ರೈವ್ ಆಫ್ ಮಾಡಿದರೆ ಮೂರನೆಯದಕ್ಕೆ ಬಂದು ಸುಮಾರು 2000 ಆಗುತ್ತದೆ. ಲಿವರನ್ನು 2ಕ್ಕೆ ತಂದರೆ 3000 ದಾಟುತ್ತದೆ. ಹಾಗೆ ತಿರುಗುವ ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ. ಸದ್ದು ಕೇಳಿ ಹೆದರಬೇಡಿ, ಎಂಜಿನ್‌ಗೆ ಏನೂ ಆಗುವುದಿಲ್ಲ.

ಪೆಡಲ್ ಮೆತ್ತಗಾಗುವುದಕ್ಕೂ ಕಾರಣ ಇದೆ. ಬ್ರೇಕ್ ಆಯಿಲ್ ದಿನ ಕಳೆದ ಹಾಗೆ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ತನಕ ಕುದಿಯುವುದಿಲ್ಲ. ತೇವ ಹಿಡಿದಮೇಲೆ 140 ಡಿಗ್ರಿಗೇ ಕುದಿಯಬಹುದು. ಕುದಿದರೆ ಒಳಗೆ ಆವಿಯ ಗುಳ್ಳೆ. ಆಮೇಲೆ ನೀವು ಒತ್ತುವುದು ಆ ಗುಳ್ಳೆಗಳನ್ನೇ, ಬ್ರೇಕನ್ನಲ್ಲ.

ಹಾಗಾಗಿ ಇಳಿಜಾರು ಶುರುವಾಗುವ ಮೊದಲೇ, ನೇರ ರಸ್ತೆಯಲ್ಲಿ, ಬಟನ್ ಒತ್ತಿ. ಮೀಟರಿನಲ್ಲಿ ಓ/ಡಿ ಆಫ್ ದೀಪ ಹತ್ತಬೇಕು. ಇಷ್ಟರಲ್ಲೇ ಗಾಡಿ ಹಿಡಿತಕ್ಕೆ ಬರದಿದ್ದರೆ ಬ್ರೇಕ್ ಒತ್ತಿ ವೇಗ ಇಳಿಸಿ 2ಕ್ಕೆ ಹಾಕಿ. ತುಂಬಾ ಕಡಿದಾದ ಜಾಗಕ್ಕೆ ಎಲ್, ಅಂದರೆ ಮೊದಲ ಗೇರು. ತಿರುವಿನ ಮಧ್ಯೆ, ಒದ್ದೆ ರಸ್ತೆಯಲ್ಲಿ, ವೇಗದಲ್ಲಿದ್ದಾಗ ಎಲ್‌ಗೆ ಎಳೆಯಬೇಡಿ. 2ಎಚ್‌ನಲ್ಲಿ (ಮಾಮೂಲಿ ರಸ್ತೆಯ ಟೂ ವೀಲ್ ಡ್ರೈವ್) ಎಂಜಿನ್ ಹಿಡಿತವೆಲ್ಲ ಹಿಂದಿನ ಚಕ್ರಕ್ಕೇ ಹೋಗುವುದರಿಂದ ಹಿಂಭಾಗ ಜಾರಬಹುದು. ಇಳಿಜಾರಿನಲ್ಲಿ ವೇಗವನ್ನು ತಾನಾಗಿ ಹಿಡಿದಿಡುವ ಹಿಲ್ ಡಿಸೆಂಟ್ ಕಂಟ್ರೋಲ್ ಇದೆಯಲ್ಲ ಅಂತ ಕೆಲವರು ಹೇಳುತ್ತಾರೆ. ಅದು ಕೆಲಸ ಮಾಡುವುದೂ ಬ್ರೇಕ್ ಮೂಲಕವೇ. ಕಾಡುದಾರಿಯ ಚಿಕ್ಕ ಇಳಿಜಾರಿಗೆ ಸರಿ, ಉದ್ದದ ಘಾಟಿಗೆ ಅಲ್ಲ.

ಹತ್ತುವಾಗಲೂ ಆ ಬಟನ್ ಬೇಕು. 134 ಎನ್‌ಎಂ ಟಾರ್ಕಿನ ಪೆಟ್ರೋಲ್ ಎಂಜಿನ್, ಗಾಡಿ ತುಂಬಾ ಜನ, ಸಾಮಾನು. ನಾಲ್ಕಕ್ಕೆ ಹೋಗುತ್ತದೆ, ಎಳೆಯಲಾಗದೆ ಮೂರಕ್ಕೆ ಬರುತ್ತದೆ, ಮತ್ತೆ ನಾಲ್ಕು. ಹೀಗೆ ತಡಕಾಡುವಾಗ ಎಂಜಿನ್ನಿನ ಬಲವನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರಿನ ಲಾಕ್ ಬಿಟ್ಟುಹೋಗಿ ಗೇರ್ ಆಯಿಲ್ ಬಿಸಿಯಾಗುತ್ತದೆ. ದೊಡ್ಡ ಟೈರ್ ಹಾಕಿಸಿದ್ದರೆ ಇನ್ನೂ ಜಾಸ್ತಿ. ತೋಟದ ಕೆಸರು ಏರಿಗೆ 4ಎಲ್ (ನಾಲ್ಕೂ ಚಕ್ರಕ್ಕೆ ಎಳೆತ ಕೊಡುವ ಲೋ ಗೇರ್) ಹಾಕಿ ಲಿವರನ್ನು ಎಲ್ ಅಥವಾ 2ರಲ್ಲೇ ಇಡಿ. ಅರ್ಧ ಏರಿನಲ್ಲಿ ತಾನಾಗಿ ಗೇರ್ ಬದಲಾದರೆ ಎಳೆತ ತಪ್ಪುತ್ತದೆ. ಸಮತಟ್ಟು ರಸ್ತೆಗೆ ಬಂದ ಕೂಡಲೇ ಓವರ್‌ಡ್ರೈವ್ ಆನ್ ಮಾಡಿ, ಇಲ್ಲದಿದ್ದರೆ ಸುಮ್ನೆ ಪೆಟ್ರೋಲ್ ಖರ್ಚು.

ಇನ್ನೊಂದು ಮಾತು. ಬೆಳಗಿನ ಚಳಿಯಲ್ಲಿ ಎಂಜಿನ್ ಬಿಸಿಯಾಗುವ ತನಕ ಓವರ್‌ಡ್ರೈವಿಗೆ ಹೋಗದಿರುವುದು ತುಂಬಾ ಆಟೋಮ್ಯಾಟಿಕ್ ಗಾಡಿಗಳಲ್ಲಿ ಮಾಮೂಲಿ. ಅದನ್ನೇ ತೋರಿಸಿ ಗೇರ್‌ಬಾಕ್ಸ್ ಬಿಚ್ಚಬೇಕು ಅಂದರೆ ಒಪ್ಪಬೇಡಿ. ಗಾಡಿ ಬಿಸಿಯಾದಮೇಲೂ ಹೋಗದಿದ್ದರೆ ಮಾತ್ರ ಸ್ಕ್ಯಾನ್ ಮಾಡಿಸಿ, ಎಂಜಿನ್ ಬಿಸಿಯನ್ನು ಹತೋಟಿಯಲ್ಲಿಡುವ ಥರ್ಮೋಸ್ಟಾಟ್ ನೋಡಿಸಿ.

ಮತ್ತೆ, ಬ್ರೇಕ್ ಹೊಗೆಯಾಡುತ್ತಿದ್ದರೆ ನೀರು ಎರಚಬೇಡಿ. ನಮ್ಮ ಗಾಡಿಗೂ ಒಬ್ಬರು ಬಾಟಲಿ ಹಿಡಿದು ಬಂದಿದ್ದರು. ಕಾದ ಡಿಸ್ಕ್ ಸೊಟ್ಟಗಾಗಬಹುದು, ಬಿರುಕೂ ಬಿಡಬಹುದು. ಚಕ್ರಕ್ಕೆ ಕಲ್ಲು ಕೊಟ್ಟು, ತಾನಾಗಿ ಆರುವ ತನಕ ನಿಲ್ಲಿಸಿ. ಪೆಡಲ್ ಗಟ್ಟಿಯಾಗಿದೆಯೇ ಅಂತ ಒತ್ತಿ ನೋಡದೆ ಹೊರಡಬೇಡಿ.