ಮಂಗಳೂರಿನ ಸಭಾಸೇವಕರ ಮೌನಧ್ಯಾನ ಶಿಬಿರ: ಭಾಗವಹಿಸಿದವನ ವಿಮರ್ಶೆ

ಸಭಾಪಾಲಕರು, ಉಪದೇಶಕರು, ಸಂಡೇ ಸ್ಕೂಲಿನ ಶಿಕ್ಷಕರು, ಗಾಯನ ಮಂಡಳಿಯವರು, ಸಭೆಯ ಖಜಾಂಚಿಗಳು, ಹೀಗೆ ಕ್ರೈಸ್ತ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಒಂದಲ್ಲ ಒಂದು ಹೊಣೆ ಹೊತ್ತವರಿಗೆಂದೇ ಮಂಗಳೂರು ನಗರದಲ್ಲಿ ಎರಡು ದಿನಗಳ ಮೌನಧ್ಯಾನ ಶಿಬಿರವೊಂದು ನಡೆಯುತ್ತದೆ. ಪ್ರಚಾರ ಬೇಡವೆಂದು ನಡೆಸುವವರು ಕೇಳಿಕೊಂಡಿರುವುದರಿಂದ ಸ್ಥಳದ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಆಸಕ್ತರು ತಮ್ಮ ಸಭಾಪಾಲಕರಲ್ಲಿ ವಿಚಾರಿಸಬಹುದು. ಉಡುಪಿಯಿಂದ ಹೋದ ನನಗೆ ಈ ಶಿಬಿರ ಬಹಳ ಮಟ್ಟಿಗೆ ತೃಪ್ತಿ ಕೊಟ್ಟಿತು, ಒಂದೆರಡು ಕಡೆ ನಿರಾಸೆಯನ್ನೂ ಉಂಟುಮಾಡಿತು.

ಬೈಬಲಿನಲ್ಲಿ ಅಪೊಸ್ತಲ ಪೌಲನು ತನ್ನ ಕಿರಿಯ ಜೊತೆಗಾರ ತಿಮೊಥೆಗೆ ಬರೆದ ಮೊದಲನೆಯ ಪತ್ರದ ನಾಲ್ಕನೆಯ ಅಧ್ಯಾಯದ 16ನೆಯ ವಚನವೇ ಶಿಬಿರದ ಆಧಾರ. ಅಲ್ಲಿ ಪೌಲನು ಎಚ್ಚರಿಕೆಯಿಂದ ಇರಬೇಕೆಂದು ಹೇಳುವಾಗ ಮೊದಲು ತಿಮೊಥೆಯ ಸ್ವಂತ ಜೀವನವನ್ನು ಹೆಸರಿಸಿ, ಆಮೇಲೆ ಉಪದೇಶವನ್ನು ಹೆಸರಿಸುತ್ತಾನೆ. ಎಫೆಸದ ಸಭೆಯ ಹಿರಿಯರಿಗೆ ಬೀಳ್ಕೊಡುವಾಗಲೂ ಅವನು ಇದೇ ಕ್ರಮವನ್ನು ಪಾಲಿಸಿದ್ದನ್ನು ಅಪೊಸ್ತಲರ ಕೃತ್ಯಗಳ 20ನೆಯ ಅಧ್ಯಾಯದಲ್ಲಿ ಕಾಣುತ್ತೇವೆ: ಮೊದಲು ನಿಮ್ಮನ್ನು ನೋಡಿಕೊಳ್ಳಿರಿ, ಬಳಿಕ ಹಿಂಡನ್ನು. ನಮ್ಮ ಸಭೆಗಳಲ್ಲಿ ಸೇವಕರಿಗಾಗಿ ನಡೆಯುವ ಹೆಚ್ಚಿನ ತರಬೇತಿಗಳು ಪ್ರಸಂಗ ಮಾಡುವುದು ಹೇಗೆ, ಮಕ್ಕಳಿಗೆ ಪಾಠ ಹೇಳುವುದು ಹೇಗೆ ಎಂಬ ಎರಡನೆಯ ಭಾಗದಿಂದಲೇ ಆರಂಭವಾಗಿ ಅಲ್ಲಿಯೇ ಮುಗಿಯುತ್ತವೆ. ಈ ಶಿಬಿರ ಮೊದಲನೆಯ ಭಾಗವನ್ನು ಬಿಟ್ಟು ಕದಲುವುದಿಲ್ಲ, ಅದೇ ಅದರ ದೊಡ್ಡ ಗುಣ.

ಮೊದಲ ದಿನದ ಬೈಬಲ್ ಅಧ್ಯಯನ ದೇಮನ ಕುರಿತಾಗಿತ್ತು. ಈ ದೇಮನ ಹೆಸರು ಹೊಸ ಒಡಂಬಡಿಕೆಯಲ್ಲಿ ಬರುವುದು ಮೂರೇ ಸಲ. ಫಿಲೆಮೋನನಿಗೆ ಬರೆದ ಪತ್ರದಲ್ಲಿ ಅವನು ಮಾರ್ಕ, ಅರಿಸ್ತಾರ್ಕ, ಲೂಕರ ಸಾಲಿನಲ್ಲಿ ಪೌಲನ ಜೊತೆ ಕೆಲಸಗಾರ. ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲಿ ಲೂಕನ ಪಕ್ಕದಲ್ಲಿ ಬರಿಯ ಹೆಸರು. ತಿಮೊಥೆಗೆ ಬರೆದ ಎರಡನೆಯ ಪತ್ರಕ್ಕೆ ಬರುವಾಗ ಇಹಲೋಕವನ್ನು ಪ್ರೀತಿಸಿ ಪೌಲನನ್ನು ತೊರೆದು ಥೆಸಲೊನೀಕಕ್ಕೆ ಹೋದವನು. ನಡುವೆ ಏನಾಯಿತೆಂದು ಬೈಬಲ್ ಹೇಳುವುದಿಲ್ಲ. ದೊಡ್ಡ ಪಾಪವೊಂದರ ಕಥೆಯಿಲ್ಲ, ಜಗಳದ ಪ್ರಸ್ತಾಪವಿಲ್ಲ. ಅದೇ ಅಧ್ಯಾಯದಲ್ಲಿ, ಹಿಂದೆ ಪಂಫುಲ್ಯ ಸೀಮೆಯಲ್ಲಿ ಕೆಲಸ ಬಿಟ್ಟು ಹಿಂದಿರುಗಿದ್ದ ಮಾರ್ಕನನ್ನು ಕರೆದುಕೊಂಡು ಬಾ, ಅವನು ಸೇವೆಗೆ ಉಪಯುಕ್ತನು ಎಂದು ಪೌಲನು ಬರೆಯುತ್ತಾನೆ. ಬಿಟ್ಟುಹೋದವನು ಮರಳಿ ಬಂದಿದ್ದಾನೆ, ಜೊತೆಯಲ್ಲಿದ್ದವನು ಹೊರಟುಹೋಗಿದ್ದಾನೆ, ಲೂಕನು ಮಾತ್ರ ಮೊದಲಿನಿಂದಲೂ ಇದ್ದಲ್ಲಿಯೇ ಇದ್ದಾನೆ. ಈ ಮೂವರನ್ನು ಅಕ್ಕಪಕ್ಕದಲ್ಲಿಟ್ಟು, ನೀವು ಈಗ ಯಾವ ಪತ್ರದಲ್ಲಿದ್ದೀರಿ ಎಂದು ಕೇಳಿ, ಅಧ್ಯಯನ ನಡೆಸಿದ ಹಿರಿಯ ಸಭಾಪಾಲಕರು ಮಾತು ನಿಲ್ಲಿಸಿದರು. ಅಲ್ಲಿಂದ ಮರುದಿನ ಮಧ್ಯಾಹ್ನದವರೆಗೆ ಮೌನ.

ಮೌನದ ಹೊತ್ತಿಗಾಗಿ ಕೊಟ್ಟ ಹಾಳೆಯ ಬಗ್ಗೆ ವಿವರವಾಗಿ ಹೇಳಲೇಬೇಕು. 16ನೆಯ ಶತಮಾನದಲ್ಲಿ ಯೇಸುಸಭೆ (ಜೆಸ್ವಿಟ್) ಎಂಬ ಕ್ಯಾಥೊಲಿಕ್ ಸನ್ಯಾಸಿ ಸಂಘವನ್ನು ಸ್ಥಾಪಿಸಿದ ಇಗ್ನೇಷಿಯಸ್ ಲೊಯೋಲಾ ಕಲಿಸಿದ ಆತ್ಮಶೋಧನೆಯ ಕ್ರಮವನ್ನು ಅದರಲ್ಲಿ ಅಳವಡಿಸಿದ್ದಾರೆ. ವಾರದ ಪ್ರತಿ ದಿನಕ್ಕೂ ಎರಡು ಗೆರೆಗಳಿವೆ, ಒಂದು ಬೆಳಗಿನಿಂದ ಮಧ್ಯಾಹ್ನದವರೆಗೆ, ಇನ್ನೊಂದು ಅಲ್ಲಿಂದ ರಾತ್ರಿಯವರೆಗೆ. ತಾನು ತಿದ್ದಿಕೊಳ್ಳಬೇಕಾದ ಒಂದೇ ಒಂದು ದೋಷವನ್ನು ಆರಿಸಿಕೊಂಡು, ಅದರಲ್ಲಿ ಬಿದ್ದಾಗಲೆಲ್ಲ ಗೆರೆಯ ಮೇಲೆ ಒಂದು ಚುಕ್ಕಿ ಇಡಬೇಕು. ರಾತ್ರಿ ಎರಡು ಗೆರೆಗಳನ್ನೂ, ವಾರಾಂತ್ಯಕ್ಕೆ ದಿನದಿನಗಳನ್ನೂ ಹೋಲಿಸಿ ನೋಡಬೇಕು. ಹಾಳೆಯ ಹಿಂಬದಿಯಲ್ಲಿ ಕೆಲವು ಪ್ರಶ್ನೆಗಳಿದ್ದವು. ಪ್ರಸಂಗದ ತಯಾರಿಗಾಗಿ ಅಲ್ಲದೆ ನಿಮಗಾಗಿಯೇ ಬೈಬಲ್ ತೆರೆದದ್ದು ಯಾವಾಗ? ಸಭೆಯ ಲೆಕ್ಕ ಕೇಳಿದವರ ಮೇಲೆ ನಿಮಗೆ ಸಿಟ್ಟು ಬಂದಿತೇ? ನಿಮ್ಮ ಬದಲು ಇನ್ನೊಬ್ಬರು ಹಾಡಿದಾಗ, ಅವರನ್ನು ಜನ ಮೆಚ್ಚಿದಾಗ, ನಿಮ್ಮ ಮನಸ್ಸಿನಲ್ಲಿ ಏನಿತ್ತು? ಸೇವೆಯ ಒಳಹೊರಗನ್ನು ಬಲ್ಲವರೇ ಬರೆಯಬಹುದಾದ ಪ್ರಶ್ನೆಗಳಿವು.

ಪ್ರೊಟೆಸ್ಟಂಟರಾದ ನಮ್ಮಲ್ಲಿ ಕೆಲವರಿಗೆ, ಕೃಪೆಯಿಂದ ರಕ್ಷಣೆ ಹೊಂದಿದವರು ಪಾಪಗಳನ್ನು ಹೀಗೆ ಎಣಿಸುತ್ತಾ ಕೂರಬೇಕೇ ಎಂಬ ಅಳುಕಿತ್ತು. ಇಗ್ನೇಷಿಯಸರ ದೈನಂದಿನ ಶೋಧನೆಯ ಮೊದಲ ಹೆಜ್ಜೆಯೇ ಕೃತಜ್ಞತೆ, ಎರಡನೆಯದು ತನ್ನನ್ನು ಕಾಣಲು ಬೆಳಕು ಬೇಡುವುದು, ಪರಿಶೀಲನೆ ಅದಾದ ಮೇಲೆಯೇ ಎಂಬ ವಿವರಣೆ ನನಗೆ ಸಮರ್ಪಕವಾಗಿ ಕಂಡಿತು. ದೇವರೇ, ನನ್ನನ್ನು ಪರೀಕ್ಷಿಸು ಎಂದು ಬೇಡುವ 139ನೆಯ ಕೀರ್ತನೆಯೂ ಮೊದಲು ದೇವರು ತನ್ನನ್ನು ಬಲ್ಲನೆಂಬ ಬೆರಗಿನಿಂದಲೇ ಆರಂಭವಾಗುತ್ತದೆ. ಆ ಕೃತಜ್ಞತೆಯಿಲ್ಲದೆ ಬರಿಯ ಚುಕ್ಕಿ ಇಡುತ್ತಾ ಹೋದವನು ಒಂದೋ ಎದೆಗುಂದುತ್ತಾನೆ, ಇಲ್ಲವೇ ಚುಕ್ಕಿ ಕಡಿಮೆಯಾಯಿತೆಂದು ಬೀಗುತ್ತಾನೆ.

ಎರಡನೆಯ ದಿನ ಮಧ್ಯಾಹ್ನ ಲೈಟ್‌ಹೌಸ್ ಹಿಲ್‌ನ ಸಂತ ಅಲೋಶಿಯಸ್ ಚಾಪೆಲ್‌ಗೆ ಕರೆದೊಯ್ದರು. ಪ್ರವಾಸಿಗರು ಆಂತೋನಿಯೊ ಮೊಸ್ಕೇನಿಯವರ ಚಿತ್ರಗಳ ಸೊಬಗಿಗೆಂದು ಬರುವ ಜಾಗವಿದು. ನಮಗೆ ಹೇಳಿದ್ದು ಅಲೋಶಿಯಸ್ ಗೊನ್ಜಾಗಾ ಎಂಬ ಯುವಕನ ಬಗ್ಗೆ: ತನಗೆ ಬರಬೇಕಾಗಿದ್ದ ಅರಸೊತ್ತಿಗೆಯ ಹಕ್ಕನ್ನು ಬಿಟ್ಟುಕೊಟ್ಟು ಯೇಸುಸಭೆ ಸೇರಿ, ರೋಮ್‌ನಲ್ಲಿ ರೋಗಪೀಡಿತರ ಆರೈಕೆ ಮಾಡುತ್ತಾ 1591ರಲ್ಲಿ 23ನೆಯ ವಯಸ್ಸಿನಲ್ಲಿ ತೀರಿಕೊಂಡವನು. ಚಿತ್ರಗಳ ಕೆಳಗೆ ಕುಳಿತು ಪ್ರಾರ್ಥಿಸಲು ಇನ್ನೂ ಸ್ವಲ್ಪ ಸಮಯ ಕೊಡಬಹುದಿತ್ತು.

ನಿರಾಸೆಯಾದದ್ದು ಅದೇ ಸಂಜೆಯ ಅತಿಥಿ ಉಪನ್ಯಾಸದಲ್ಲಿ. 1834ರಲ್ಲಿ ಪ್ರೊಟೆಸ್ಟಂಟ್ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು, 1843ರಲ್ಲಿ ಅದರ ಮೋಗ್ಲಿಂಗರು ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಡಿಸಿದ್ದು, 1894ರಲ್ಲಿ ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟು ಪ್ರಕಟವಾದದ್ದು ಎಲ್ಲವೂ ಬಂದವು. ನಮ್ಮ ಕರಾವಳಿಯ ಕ್ರೈಸ್ತರು ಈ ಚರಿತ್ರೆಯನ್ನು ತಿಳಿದಿರಬೇಕು, ಸಂದೇಹವಿಲ್ಲ. ಆದರೆ ಪೂರ್ವಿಕರ ಸಾಧನೆಯನ್ನು ಪಟ್ಟಿ ಮಾಡಿ ಚಪ್ಪಾಳೆ ಗಿಟ್ಟಿಸಿದ ಆ ಮಾತು, ಇಡೀ ಹಗಲು ನಮ್ಮನ್ನು ನಾವೇ ನೋಡಿಕೊಳ್ಳುತ್ತಿದ್ದ ಮನಸ್ಸನ್ನು ಹೊರಗೆಳೆದು ಬೇರೆಯವರ ನಂಬಿಗಸ್ತಿಕೆಯ ನೆರಳಲ್ಲಿ ಕೂರಿಸಿತು. ಬಹುಮಾನಕ್ಕಾಗಿ ಓಡುವವನಂತೆ ತನ್ನ ದೇಹವನ್ನು ಹತೋಟಿಯಲ್ಲಿಡುತ್ತೇನೆ, ಇಲ್ಲವಾದರೆ ಇತರರಿಗೆ ಸಾರಿದ ತಾನೇ ಅಯೋಗ್ಯನಾದೇನು ಎಂದು ಹೆದರಿದ ಪೌಲನು ಕೊರಿಂಥದ ಸಭೆಯನ್ನು ಕಟ್ಟಿದವನೇ. ತಾನು ಮಾಡಿದ ಕೆಲಸದ ದೊಡ್ಡಸ್ತಿಕೆ ತನ್ನನ್ನು ಕಾಯುತ್ತದೆಂದು ಅವನು ನೆಚ್ಚಿಕೊಂಡಿರಲಿಲ್ಲ.

ಇನ್ನೊಂದು ಕೊರತೆ ಇದಕ್ಕಿಂತ ದೊಡ್ಡದು. ಹಾಳೆ ತುಂಬಿಸಿ ಮನೆಗೆ ಹೋದವರನ್ನು ಆಮೇಲೆ ವಿಚಾರಿಸುವವರಿಲ್ಲ. ಸಭಾಪಾಲಕರಿಗೆ, ಅದರಲ್ಲೂ ಊರಿನಿಂದ ಊರಿಗೆ ವರ್ಗವಾಗುತ್ತಿರುವವರಿಗೆ, ಮನಸ್ಸು ಬಿಚ್ಚಿ ಮಾತನಾಡಲು ಒಬ್ಬ ಹಿರಿಯರೂ ಸಿಗುವುದಿಲ್ಲ. ಶಿಬಿರದಲ್ಲೇ ಇಬ್ಬಿಬ್ಬರನ್ನು ಜೊತೆಮಾಡಿ, ತಿಂಗಳಿಗೊಮ್ಮೆ ಒಬ್ಬರನ್ನೊಬ್ಬರು ಕಂಡು ಹಾಳೆ ತೋರಿಸಿಕೊಳ್ಳುವ ಏರ್ಪಾಡು ಮಾಡಿದರೆ ಖರ್ಚೇನೂ ಬೀಳದು. ನಡೆಸುವವರಿಗೆ ಇದನ್ನು ಬರೆದು ಕೊಟ್ಟಿದ್ದೇನೆ.

ಊಟ ಸರಳ: ರಾತ್ರಿ ಕುಚ್ಚಲಕ್ಕಿ ಗಂಜಿ, ಚಟ್ನಿ, ಉಪ್ಪಿನಕಾಯಿ, ಮಧ್ಯಾಹ್ನ ಮೀನಿನ ಸಾರು. ಕೊಠಡಿಗಳು ಚೊಕ್ಕಟವಾಗಿವೆ, ಮೆಟ್ಟಿಲುಗಳು ಮಾತ್ರ ಮೊಣಕಾಲು ನೋವಿರುವವರಿಗೆ ಕಷ್ಟ, ಕೆಳಗಿನ ಕೊಠಡಿಯನ್ನು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ನಿಗದಿತ ಶುಲ್ಕವಿಲ್ಲ, ಕಾಣಿಕೆ ಪೆಟ್ಟಿಗೆಯಿದೆ. ಬೈಬಲ್ ಮತ್ತು ಹೊದಿಕೆ ನೀವೇ ತರಬೇಕು. ಹೊಸದಾಗಿ ಸೇವೆಗೆ ಸೇರಿದವರಿಗಿಂತ, ಹತ್ತಾರು ವರ್ಷಗಳಿಂದ ಒಂದೇ ಕೆಲಸ ಮಾಡುತ್ತಾ ಅದು ಕೈಗೆ ರೂಢಿಯಾಗಿಬಿಟ್ಟವರು ಇಲ್ಲಿಗೆ ಮೊದಲು ಹೋಗಬೇಕೆಂಬುದು ನನ್ನ ಶಿಫಾರಸು.