ಬೆಳಗ್ಗೆ ಆರೂವರೆಗೆ ಬಾಗಿಲು ತೆಗೆಯುವವರು ಯಾರು?

ಮಂಗಳೂರಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ನನಗೆ ಕೆಲಸ. ಒಂದು ವಾರ ಬೆಳಗ್ಗೆ 7ರಿಂದ 3, ಮರುವಾರ ಮಧ್ಯಾಹ್ನ 1ರಿಂದ ರಾತ್ರಿ 9. ನಮ್ಮವರು ಸೇನೆಯಲ್ಲಿದ್ದಾರೆ. 2023ರ ಜನವರಿಯಲ್ಲಿ ಅವರಿಗೆ ಲಡಾಖ್ ಕಡೆ ಫೀಲ್ಡ್ ಪೋಸ್ಟಿಂಗ್ ಬಂತು. ಅಲ್ಲಿಗೆ ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋಗುವ ಹಾಗಿಲ್ಲ. ಮಗಳಿಗೆ ಆಗ ಒಂದು ವರ್ಷ ಎಂಟು ತಿಂಗಳು. ಮಂಗಳೂರಿನ ಕಾವೂರಿನಲ್ಲಿ ಬಾಡಿಗೆ ಮನೆ ಹಿಡಿದೆ. ಅವಳು ಎಲ್‌ಕೆಜಿಗೆ ಹೋಗುವವರೆಗೆ ಅಜ್ಜಿ ಮನೆ, ಆಯಾ, ಡೇಕೇರ್, ಅಂಗನವಾಡಿ, ಕೊನೆಗೆ ಪಕ್ಕದ ಬೀದಿಯ ಬಾಯಮ್ಮ, ಎಲ್ಲವನ್ನೂ ನೋಡಿ ಆಯಿತು. ನಮ್ಮ ಹಾಗೆ ಊರಿಗೆ ಬಂದು ಕೂತಿರುವ ಫೌಜಿಗಳ, ಅಂದರೆ ಸೈನಿಕರ, ಹೆಂಡತಿಯರು ಕೆಲಸಕ್ಕೆ ಹೋಗುವಾಗ ಮಗುವನ್ನು ಎಲ್ಲಿ ಬಿಡುವುದು ಅಂತ ಕೇಳುತ್ತಲೇ ಇರುತ್ತಾರೆ, ಅದಕ್ಕೆ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಎಲ್ಲರೂ ಮೊದಲು ಕೇಳುವುದು "ತಿಂಗಳಿಗೆ ಎಷ್ಟು?" ಅಂತ. ನಾನೂ ಹಾಗೇ ಶುರುಮಾಡಿದ್ದೆ. ಆಮೇಲೆ ಗೊತ್ತಾಯಿತು, ನಮ್ಮಂಥವರು ಕೇಳಬೇಕಾದದ್ದು ಅದಲ್ಲ. ಮಗುವಿಗೆ ಜ್ವರ ಬಂದ ದಿನ, ಮಳೆ ರಜೆಯ ದಿನ, ಶಿಫ್ಟ್ ಮುಗಿಯದ ದಿನ ಏನಾಗುತ್ತದೆ? ಬೇರೆ ಮನೆಗಳಲ್ಲಿ ಅಂಥ ದಿನ ಗಂಡ ಅರ್ಧ ದಿನ ರಜೆ ಹಾಕುತ್ತಾನೆ. ನಮ್ಮ ಮನೆಯಲ್ಲಿ ಆ ಇನ್ನೊಬ್ಬ ವ್ಯಕ್ತಿಯ ಫೋನು ನಾಟ್ ರೀಚಬಲ್.

ಹೋಲಿಸಲು ನನಗೆ ಒಂದು ಅಳತೆ ಇತ್ತು. ಇಲ್ಲಿಗೆ ಬರುವ ಮೊದಲು ಸಿಕಂದರಾಬಾದಿನ ಕ್ವಾರ್ಟರ್ಸಿನಲ್ಲಿದ್ದೆವು. ಅಲ್ಲಿ ಗೇಟಿನ ಒಳಗೇ ಕ್ರೆಶ್, ಅಂದರೆ ಪುಟ್ಟ ಮಕ್ಕಳನ್ನು ನೋಡಿಕೊಳ್ಳುವ ಜಾಗ. ನಡೆದುಕೊಂಡು ಹೋಗಿ ಬಿಟ್ಟು ಬರುವುದು, ಫೀಸು ಹೆಸರಿಗೆ ಮಾತ್ರ. ತಡವಾದರೆ ಎದುರು ಮನೆಯವರು ಹೋಗಿ ಎತ್ತಿಕೊಂಡು ಬರುತ್ತಿದ್ದರು. ಅವರ ಗಂಡನೂ ಸೇನೆಯ ಎಕ್ಸರ್ಸೈಜಿಗೆ, ಅಂದರೆ ಯುದ್ಧಾಭ್ಯಾಸಕ್ಕೆ ಹೋಗಿರುತ್ತಿದ್ದರು, ಹಾಗಾಗಿ ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ಮಂಗಳೂರು, ಉಡುಪಿಯಲ್ಲಿ ಸೇನೆಯ ಕಂಟೋನ್ಮೆಂಟ್ ಅಂತ ಇಲ್ಲ. ಪಣಂಬೂರಿನಲ್ಲಿ ಕೋಸ್ಟ್ ಗಾರ್ಡ್ ಇದೆ, ಅದು ಬೇರೆ. ಫೀಲ್ಡಿಗೆ ಹೋದವರ ಕುಟುಂಬಕ್ಕೆ ಅಂತ ಕೆಲವು ಸ್ಟೇಶನ್‌ಗಳಲ್ಲಿ ಕ್ವಾರ್ಟರ್ಸ್ ಕೊಡುತ್ತಾರೆ. ಕೆಲಸ ಇಲ್ಲಿ ಸಿಕ್ಕಿತ್ತು, ಅಮ್ಮ ಹತ್ತಿರ ಇದ್ದಾರೆ ಅಂತ ನಾನು ಅದಕ್ಕೆ ಅರ್ಜಿಯೇ ಹಾಕಿಸಲಿಲ್ಲ. ಆ ತೀರ್ಮಾನ ಸರಿಯೋ ತಪ್ಪೋ ಅಂತ ಮೂರು ವರ್ಷ ಯೋಚಿಸಿದ್ದೇನೆ.

ಮೊದಲು ಅಜ್ಜಿ ಮನೆ. ಅಮ್ಮ ಇರುವುದು ಕಾಪುವಿನಲ್ಲಿ. ಮಂಗಳೂರಿನಿಂದ ಸುಮಾರು 45 ಕಿಲೋಮೀಟರ್. ಸೋಮವಾರ ಬೆಳಗ್ಗೆ ಮಗಳು ಏಳುವ ಮೊದಲೇ ಮನೆ ಬಿಟ್ಟು ಎಕ್ಸ್‌ಪ್ರೆಸ್ ಬಸ್ಸು ಹಿಡಿಯುವುದು, ಶನಿವಾರ ವಾಪಸ್ಸು. ನಡುವೆ ಬುಧವಾರ ಒಂದು ರಾತ್ರಿ ಹೋಗಿ ಬರುತ್ತಿದ್ದೆ. ಖರ್ಚು ಅಂದರೆ ಬಸ್ ಚಾರ್ಜು ಅಷ್ಟೇ. ಅಮ್ಮನಿಗೆ ತಿಂಗಳಿಗೆ 3,000 ಕೊಟ್ಟರೆ "ಎಂತ ಇದು, ಮೊಮ್ಮಗಳನ್ನು ನೋಡಲಿಕ್ಕೆ ಸಂಬಳವಾ?" ಅಂತ ಬೈದು, ಆಮೇಲೆ ತೆಗೆದುಕೊಂಡು ಚೀಟಿಗೆ ಕಟ್ಟುತ್ತಿದ್ದರು. ಊಟದ ವಿಷಯದಲ್ಲಿ ಇದಕ್ಕೆ ಸಾಟಿ ಇಲ್ಲ. ರಾಗಿ ಮಣ್ಣಿ, ಕುಚ್ಚಲಕ್ಕಿ ಗಂಜಿ, ತೋಟದ ಬಾಳೆಹಣ್ಣು. ಐದು ತಿಂಗಳಲ್ಲಿ ಒಂದು ಸಲವೂ ಡಾಕ್ಟರ ಹತ್ತಿರ ಹೋಗಲಿಲ್ಲ.

ಆದರೆ ಅವಳು ಅಜ್ಜಿಯನ್ನು "ಅಮ್ಮ" ಅನ್ನಲು ಶುರುಮಾಡಿದಳು. ನನ್ನನ್ನು ಹೆಸರು ಹಿಡಿದು ಕರೆಯುತ್ತಿದ್ದಳು, ಅಮ್ಮ ಕರೆಯುವ ಹಾಗೆಯೇ. ಎಲ್ಲರೂ ನಕ್ಕರು, ನಾನೂ ನಕ್ಕೆ. ಮೇ ತಿಂಗಳಲ್ಲಿ ಇವರು ರಜೆಗೆ ಬಂದರು. ಮಗಳು ಅಮ್ಮನ ಸೀರೆಯ ಹಿಂದೆ ಅಡಗಿಕೊಂಡಳು, ಎರಡು ದಿನ ಇವರ ಹತ್ತಿರ ಸುಳಿಯಲಿಲ್ಲ. ಸಾಲದ್ದಕ್ಕೆ ಅಮ್ಮನ ಮೊಣಕಾಲು ಊದಿತ್ತು, ನಮ್ಮಿಂದ ಮುಚ್ಚಿಟ್ಟಿದ್ದರು. ಬೆಲೆ ಇಲ್ಲ ಅಂದುಕೊಂಡದ್ದಕ್ಕೆ ಅಮ್ಮ ಬೆಲೆ ಕೊಡುತ್ತಿದ್ದರು. ಅಜ್ಜಿ ಮನೆ ಅದೇ ಊರಿನಲ್ಲಿದ್ದರೆ ಕಣ್ಣು ಮುಚ್ಚಿ ಅದನ್ನೇ ಆರಿಸಿ. 45 ಕಿಲೋಮೀಟರ್ ದೂರ ಇದ್ದರೆ ಮಾತ್ರ ಅದು ಬೇರೆಯೇ ಕಥೆ.

ಜೂನಿನಲ್ಲಿ ಏಜೆನ್ಸಿ ಮೂಲಕ ಆಯಾ. ಮನೆಯಲ್ಲೇ ಇರುವವರು, ತಿಂಗಳಿಗೆ 17,000, ಊಟ ನಮ್ಮದು. ಏಜೆನ್ಸಿಗೆ ಬೇರೆ ಕಮಿಷನ್. ನನ್ನ ಸಂಬಳದ ಮುಕ್ಕಾಲು ಪಾಲು ಅಲ್ಲಿಗೇ ಹೋಯಿತು. ಬಂದವರು ಹಾವೇರಿ ಕಡೆಯವರು, ಒಳ್ಳೆಯ ಹೆಂಗಸು. ಮಗಳಿಗೆ ಎಣ್ಣೆ ಹಚ್ಚಿ ನೀರು ಹಾಕುತ್ತಿದ್ದ ಚಂದ ನನಗೇ ಬರುವುದಿಲ್ಲ. ಸಮಯದ ಗೊಡವೆಯೇ ಇಲ್ಲ. ಆರು ಗಂಟೆಗೆ ನಾನು ಹೊರಟರೂ ಮಗು ಮಲಗಿಯೇ ಇರುತ್ತಿತ್ತು. ಮಗಳು ಎರಡೇ ತಿಂಗಳಲ್ಲಿ "ಬಾ ಯವ್ವಾ, ಉಣ್ಣು ಬಾ" ಅಂತ ನನ್ನನ್ನೇ ಊಟಕ್ಕೆ ಕರೆಯುತ್ತಿದ್ದಳು.

ನಮ್ಮವರಿಗೆ ಸಮಾಧಾನ ಇಲ್ಲ. ಹೆಂಡತಿ ಮಗು ಇರುವ ಮನೆಯಲ್ಲಿ ಗುರುತಿಲ್ಲದವರು ಅಂತ. ಹಾಲ್‌ನಲ್ಲಿ ಕ್ಯಾಮೆರಾ ಹಾಕಿಸಿದರು. ತಮಾಷೆ ಏನೆಂದರೆ, ಹಾಕಿಸಿದವರಿಗೆ ಅಲ್ಲಿ ವಿಡಿಯೋ ನೋಡುವಷ್ಟು ನೆಟ್‌ವರ್ಕ್ ಇಲ್ಲ. ನಾನು ಸ್ಯಾಂಪಲ್ ಮಧ್ಯೆ ನೋಡುತ್ತಿದ್ದೆ. ಅದರಲ್ಲಿ ಕಂಡದ್ದು ಇಷ್ಟೇ: ಟಿವಿ ಜಾಸ್ತಿ ಓಡುತ್ತಿತ್ತು. ಮುರಿದುಬಿದ್ದದ್ದು ಬೇರೆ ಕಾರಣಕ್ಕೆ. ಸೆಪ್ಟೆಂಬರಿನಲ್ಲಿ ಗಣೇಶನ ಹಬ್ಬಕ್ಕೆ ನಾಲ್ಕು ದಿನ ಅಂತ ಊರಿಗೆ ಹೋದವರು ಹನ್ನೆರಡನೇ ದಿನವೂ ಬರಲಿಲ್ಲ. ಏಜೆನ್ಸಿಯವರು "ಬದಲಿ ಕಳಿಸುತ್ತೇವೆ" ಅಂದರು. ಎರಡು ವರ್ಷದ ಮಗುವಿಗೆ ಬದಲಿ ಅಂದರೆ ಏನು ಅಂತ ಅವರಿಗೆ ಹೇಗೆ ಬಿಡಿಸಿ ಹೇಳುವುದು?

ಆ ಹನ್ನೆರಡು ದಿನದಲ್ಲಿ ನಾನು ಕಾನೂನು ಓದಿದೆ. ಆಗ ಜಾರಿಯಲ್ಲಿದ್ದ, 2017ರಲ್ಲಿ ತಿದ್ದುಪಡಿಯಾದ ಹೆರಿಗೆ ಸೌಲಭ್ಯ ಕಾಯ್ದೆ ಪ್ರಕಾರ 50 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಕ್ರೆಶ್ ಇರಬೇಕು. ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿ ಬರಬಹುದು. ನಮ್ಮಲ್ಲಿ 50ರ ಎಷ್ಟೋ ಪಟ್ಟು ಜನ ಇದ್ದಾರೆ. ಎಚ್‌ಆರ್‌ನವರಿಗೆ ಬರೆದುಕೊಟ್ಟೆ. "ಹತ್ತಿರದ ಡೇಕೇರ್ ಜೊತೆ ಮಾತುಕತೆ ಆಗುತ್ತಿದೆ" ಅಂದರು. ಇನ್ನೂ ಆಗುತ್ತಿದೆ. ರಜೆಯ ಕಥೆಯೂ ಹೀಗೇ. ಕೇಂದ್ರ ಸರ್ಕಾರಿ ಕೆಲಸದ ಹೆಂಗಸರಿಗೆ ಸರ್ವಿಸಿನಲ್ಲಿ 730 ದಿನ ಮಕ್ಕಳ ಆರೈಕೆ ರಜೆ, ನಮ್ಮ ರಾಜ್ಯ ಸರ್ಕಾರದವರಿಗೆ 180 ದಿನ. ನನ್ನಂಥ ಖಾಸಗಿಯವರಿಗೆ ಸೊನ್ನೆ. ಗಂಡ ಕೇಂದ್ರ ಸರ್ಕಾರದ ನೌಕರಿಯಲ್ಲಿದ್ದರೂ ಇದರಿಂದ ನನಗೆ ಒಂದು ದಿನವೂ ಸಿಗುವುದಿಲ್ಲ.

ಅಕ್ಟೋಬರಿನಲ್ಲಿ ಬಿಜೈ ಕಡೆಯ ಒಂದು ಡೇಕೇರ್. ಅಡ್ಮಿಷನ್ 8,000, ವಾಪಸ್ ಕೊಡುವುದಿಲ್ಲ. ತಿಂಗಳಿಗೆ 6,500. ಆಟೋಕ್ಕೆ ಮತ್ತೆ ಎರಡೂವರೆ ಸಾವಿರ. ಮಗಳ ಮಟ್ಟಿಗೆ ಹೇಳುವುದಾದರೆ ಅತಿ ಜಾಸ್ತಿ ಕಲಿತದ್ದು ಅಲ್ಲೇ. ಟಾಯ್ಲೆಟ್ ಅಭ್ಯಾಸ, ತಾನೇ ಉಣ್ಣುವುದು, ಬೇರೆ ಮಕ್ಕಳ ಜೊತೆ ಆಟಿಕೆ ಹಂಚಿಕೊಳ್ಳುವುದು. ಟೀಚರುಗಳು ಪಾಪ, ಕಿರುಚುವವರಲ್ಲ. ಬಿಲ್ಲು, ರಸೀದಿ, ಫೋಟೋ ಎಲ್ಲ ಅಚ್ಚುಕಟ್ಟು.

ನನ್ನ ತೊಂದರೆ ಬಾಗಿಲಿನದ್ದು. ಅವರು ತೆಗೆಯುವುದು 9ಕ್ಕೆ, ಹಾಕುವುದು 6ಕ್ಕೆ. ನನ್ನ ಎರಡು ಶಿಫ್ಟೂ ಇದರೊಳಗೆ ಹಿಡಿಸುವುದಿಲ್ಲ. ಸಹೋದ್ಯೋಗಿಗಳ ಕೈಕಾಲು ಹಿಡಿದು ಹತ್ತು ತಿಂಗಳು ಒಂಬತ್ತೂವರೆಯ ಡ್ಯೂಟಿ ಮಾಡಿಸಿಕೊಂಡೆ. ಅದಕ್ಕೆ ಬದಲಾಗಿ ಅವರ ಭಾನುವಾರಗಳನ್ನೆಲ್ಲ ನಾನು ಮಾಡಿದೆ. ಸಂಜೆ ಕೂಳೂರು ಸೇತುವೆ ಕಡೆ ಬ್ಲಾಕ್ ಆದರೆ ಕೊಟ್ಟಾರ ಚೌಕಿಯವರೆಗೆ ಗಾಡಿ ಅಲುಗಾಡುವುದಿಲ್ಲ. ಅರ್ಧ ಗಂಟೆ ತಡಕ್ಕೆ 100 ರೂಪಾಯಿ. ಜ್ವರ ಬಂದರೆ ಬಿಟ್ಟು ಒಂದು ಪೂರ್ತಿ ದಿನ ಕಳೆಯುವವರೆಗೆ ಕರೆತರಬಾರದು. ಆ ನಿಯಮ ಸರಿಯೇ, ಲ್ಯಾಬಿನವಳಾಗಿ ನಾನೇ ಒಪ್ಪುತ್ತೇನೆ. ಆದರೆ ಮೊದಲ ಎರಡು ತಿಂಗಳು ಮಗು ಡೇಕೇರಿನಲ್ಲಿದ್ದದ್ದಕ್ಕಿಂತ ಮನೆಯಲ್ಲಿ ಮೂಗು ಸೋರಿಸಿಕೊಂಡು ಇದ್ದದ್ದೇ ಜಾಸ್ತಿ.

ಇನ್ನೊಂದು, ಅವರ ಫಾರ್ಮ್. "ಮಗುವನ್ನು ಕರೆದೊಯ್ಯಲು ಬರುವ ಇಬ್ಬರ ಹೆಸರು" ಅಂತ ಕಾಲಂ. ಒಂದು ನನ್ನದು. ಎರಡನೆಯದಕ್ಕೆ ಪೆನ್ನು ಹಿಡಿದು ಎಷ್ಟು ಹೊತ್ತು ಕೂತಿದ್ದೆನೋ. ಇವರು ವಾರ್ಷಿಕ ರಜೆಗೆ ಬಂದಾಗ ಇನ್ನೊಂದು ಲೆಕ್ಕ. ವರ್ಷಕ್ಕೆ 60 ದಿನದ ರಜೆಯಲ್ಲಿ 40 ದಿನ ಒಟ್ಟಿಗೆ ಬಂದರೆ ಅಷ್ಟು ದಿನ ಮಗುವನ್ನು ಅಪ್ಪನ ಜೊತೆ ಬಿಡುತ್ತೇವೆ, ಅಲ್ವಾ? ಸೀಟು ಉಳಿಯಬೇಕಾದರೆ ಅರ್ಧ ಫೀಸು ಕಟ್ಟಿ ಅಂದರು. ಕಟ್ಟಿದೆ. ವರ್ಷದ ಫೀಸು ಒಮ್ಮೆಲೇ ಕೊಟ್ಟರೆ ರಿಯಾಯಿತಿ ಅಂದಾಗ ಮಾತ್ರ ಕೈ ಹಾಕಲಿಲ್ಲ. ಯಾವಾಗ ಪೋಸ್ಟಿಂಗ್ ಆರ್ಡರ್ ಬರುತ್ತದೋ ಯಾರಿಗೆ ಗೊತ್ತು. ಫೌಜಿಗಳ ಮನೆಯವರು ಎಲ್ಲಿ ಸೇರಿಸಿದರೂ ತಿಂಗಳು ತಿಂಗಳೇ ಕಟ್ಟಿ.

2024ರ ಜೂನಿಗೆ ಮೂರು ವರ್ಷ ತುಂಬಿತ್ತು. ಮನೆಯಿಂದ ಐದು ನಿಮಿಷಕ್ಕೆ ಅಂಗನವಾಡಿ, ನಮ್ಮ ಹಿರಿಯರ ಬಾಯಲ್ಲಿ ಈಗಲೂ ಬಾಲವಾಡಿ. ಫೀಸು ಇಲ್ಲ. ಹಾಲು, ಮೊಟ್ಟೆ, ಮಧ್ಯಾಹ್ನದ ಊಟ. "ಮಿಲಿಟ್ರಿಯವರ ಮಗು ಅಂಗನವಾಡಿಗಾ?" ಅಂತ ಕೇಳಿದವರಿದ್ದಾರೆ. ಮಗಳು ಅಲ್ಲಿ ತುಳು, ಬ್ಯಾರಿ ಎರಡೂ ಭಾಷೆ ಎತ್ತಿಕೊಂಡಳು, ನನಗೆ ಅದರಲ್ಲಿ ನಷ್ಟ ಏನೂ ಕಾಣಲಿಲ್ಲ. ಆದರೆ ಒಂದೇ ಟೀಚರಿಗೆ ಸರ್ವೆ, ಮೀಟಿಂಗ್, ಎಲ್ಲವೂ. ಸಂಜೆಯ ಹೊತ್ತು ಇಲ್ಲ. ಮತ್ತೆ ಮಳೆ. ಜೂನ್-ಜುಲೈನಲ್ಲಿ ರೆಡ್ ಅಲರ್ಟ್ ಬಂದರೆ ಜಿಲ್ಲಾಧಿಕಾರಿಗಳು ಅಂಗನವಾಡಿಯಿಂದ ಹಿಡಿದು ರಜೆ ಘೋಷಿಸುತ್ತಾರೆ. ಕೆಲವು ಸಲ ಗೊತ್ತಾಗುವುದು ರಾತ್ರಿ. ಮಕ್ಕಳಿಗೆ ಅದು ಬೇಕಾದ ರಜೆಯೇ, ನಮ್ಮ ಮಳೆ ಹಾಗೆ ಇದೆ. ಆಸ್ಪತ್ರೆಗೆ ಮಾತ್ರ ಮಳೆ ರಜೆ ಇಲ್ಲ.

(ಕೂಸಿನ ಮನೆ ನೋಡು ಅಂತ ಒಬ್ಬರು ಹೇಳಿದ್ದರು. ಅದು ಗ್ರಾಮ ಪಂಚಾಯಿತಿಗಳ ಶಿಶುಪಾಲನಾ ಕೇಂದ್ರ, ಆಗ ಮುಖ್ಯವಾಗಿ ನರೇಗಾ ಕೆಲಸಕ್ಕೆ ಹೋಗುತ್ತಿದ್ದ ತಾಯಂದಿರ ಪುಟ್ಟ ಮಕ್ಕಳಿಗೆ ಇದ್ದದ್ದು. ನಮಗೆ ಸೇರಿದ್ದಲ್ಲ.)

ಬಾಯಮ್ಮ ಸಿಕ್ಕಿದ್ದು ಅಂಥ ಒಂದು ಮಳೆ ರಜೆಯಲ್ಲೇ. ಅಂಗನವಾಡಿ ಸಹಾಯಕಿ ಹೇಳಿದರು, ಹಿಂದಿನ ಬೀದಿಯಲ್ಲಿ ಒಬ್ಬರು ಬಾಯಿ (ಕ್ರೈಸ್ತ ಹೆಂಗಸರನ್ನು ನಮ್ಮ ಕಡೆ ಹಾಗೆ ಕರೆಯುವುದು) ಮಕ್ಕಳನ್ನು ನೋಡುತ್ತಾರೆ ಅಂತ. ವಯಸ್ಸು ಅರವತ್ತು ದಾಟಿದೆ, ಮಕ್ಕಳಿಬ್ಬರೂ ಗಲ್ಫ್‌ನಲ್ಲಿ. ಮನೆಯಲ್ಲಿ ಆಗಲೇ ಮೂರು ಮಕ್ಕಳಿದ್ದರು. ತಿಂಗಳಿಗೆ 5,000. ನಾನು ಕೇಳಿದ ಮೊದಲ ಪ್ರಶ್ನೆಯೇ ಬೆಳಗ್ಗೆ ಎಷ್ಟು ಗಂಟೆಗೆ ಅಂತ. "ನಾನು ಐದಕ್ಕೆ ಏಳುವುದು ಮಾರಾಯ್ರೆ. ನೀವು ಆರೂವರೆಗೆ ತನ್ನಿ" ಅಂದರು.

ಸುಮ್ನೆ ಒಪ್ಪಿಕೊಳ್ಳಲಿಲ್ಲ. ಅಂಗಳದಲ್ಲಿ ಬಾವಿ. ಕಟ್ಟೆ ಇದೆ, ಆದರೆ ನನ್ನ ಮಗಳ ಎದೆಯ ಎತ್ತರಕ್ಕೆ. ಮೇಲೆ ಕಬ್ಬಿಣದ ಬಲೆ ಹಾಕಿಸೋಣ, ಅರ್ಧ ಖರ್ಚು ನನ್ನದು ಅಂದೆ. ಮುಖ ಸ್ವಲ್ಪ ಗಂಟಿಕ್ಕಿತು. "ನನ್ನ ಮಕ್ಕಳು ಇದೇ ಬಾವಿಯ ಹತ್ತಿರ ದೊಡ್ಡದಾದದ್ದು" ಅಂದರು. ಆಮೇಲೆ ಅವರೇ ವೆಲ್ಡಿಂಗಿನವರನ್ನು ಕರೆಸಿದರು. ಇಲ್ಲಿ ಮನೆಯಲ್ಲಿ ಮಕ್ಕಳನ್ನು ನೋಡುವವರ ಹತ್ತಿರ ಬಿಡುವುದಾದರೆ ಮೊದಲು ಬಾವಿ ನೋಡಿ, ಆಮೇಲೆ ಗೇಟು, ಆಮೇಲೆ ಗ್ಯಾಸ್ ಒಲೆ. ಕ್ಯಾಮೆರಾ ಇಲ್ಲ, ರಸೀದಿ ಇಲ್ಲ, ಪಾಠ ಇಲ್ಲ. ಭಾನುವಾರ ಚರ್ಚಿನ ಪೂಜೆಗೆ ಹೋಗುತ್ತಾರೆ, ಅವತ್ತು ರಜೆ. ಸೆಪ್ಟೆಂಬರ್ 8ರ ಮೊಂತಿ ಫೆಸ್ತ್ (ಮೇರಿ ಮಾತೆಯ ಹುಟ್ಟುಹಬ್ಬ), ಕ್ರಿಸ್ಮಸ್, ಆಗಲೂ ರಜೆ, ಆದರೆ ತಿಂಗಳ ಮೊದಲೇ ಹೇಳುತ್ತಾರೆ. ಡಿಸೆಂಬರಿನಲ್ಲಿ ಕುಸ್ವಾರ್, ಅಂದರೆ ಕ್ರಿಸ್ಮಸ್ ತಿಂಡಿಗಳ ತಟ್ಟೆ ಮನೆಗೆ ಬರುತ್ತದೆ.

ಆಗಸ್ಟಿನಲ್ಲಿ ಡೇಕೇರ್ ಬಿಡಿಸಿದೆ. ಬೆಳಗ್ಗೆ ಬಾಯಮ್ಮ, ಒಂಬತ್ತೂವರೆಗೆ ಅವರೇ ಅಂಗನವಾಡಿಗೆ ಬಿಡುವುದು, ಆಮೇಲೆ ಅವರೇ ಕರೆತರುವುದು. ರಾತ್ರಿ 9ರ ಶಿಫ್ಟಿನ ವಾರ ಮಗಳು ಅಲ್ಲೇ ಉಂಡು ಮಲಗಿರುತ್ತಿದ್ದಳು, ನಾನು ಎತ್ತಿಕೊಂಡು ಬರುತ್ತಿದ್ದೆ. ಸಣ್ಣ ಜ್ವರವಾದರೆ ಬೇರೆ ಮಕ್ಕಳಿಂದ ದೂರ, ಒಳಗಿನ ಕೋಣೆಯಲ್ಲಿ ಮಲಗಿಸಿ ಗಂಟೆಗೊಮ್ಮೆ ಫೋನು ಮಾಡುತ್ತಿದ್ದರು. ಅಂದರೆ ಆಯಾ, ಡೇಕೇರ್, ಬಾಯಮ್ಮ, ಈ ಮೂರರಲ್ಲಿ ನನಗೆ ಹೊಂದಿದ್ದು ಅತಿ ಕಡಿಮೆ ಖರ್ಚಿನದ್ದೇ. ಆದರೆ ಕಡಿಮೆ ಅಂತ ಅದನ್ನು ಆರಿಸಿದ್ದಲ್ಲ. ಒಂಬತ್ತರಿಂದ ಐದರ ಕೆಲಸ ಇದ್ದಿದ್ದರೆ ನಾನು ಡೇಕೇರನ್ನೇ ಬಿಡುತ್ತಿರಲಿಲ್ಲ.

2025ರ ಜೂನಿನಿಂದ ಎಲ್‌ಕೆಜಿ. ಈಗ ಇವರಿಗೆ ಮಕ್ಕಳ ಶಿಕ್ಷಣ ಭತ್ಯೆ ಸಿಗುತ್ತದೆ. ಮೊದಲು ತಿಂಗಳಿಗೆ 2,250 ಇತ್ತು, 2024ರ ಜನವರಿಯಿಂದ 2,812 ರೂಪಾಯಿ 50 ಪೈಸೆ. ಅದೂ ವರ್ಷ ಮುಗಿದ ಮೇಲೆ, ಶಾಲೆಯ ಮುಖ್ಯಸ್ಥರ ಸರ್ಟಿಫಿಕೇಟು ಕಳಿಸಿದ ಮೇಲೆ, ಒಂದೇ ಸಲ. ಡೇಕೇರಿಗೆ ಕಟ್ಟಿದ್ದಕ್ಕೆ, ಆಯಾಗೆ ಕೊಟ್ಟದ್ದಕ್ಕೆ ಇದು ಅನ್ವಯಿಸುವುದಿಲ್ಲ. ಹಣ ಜಾಸ್ತಿ ಬೇಕಾದ ಎರಡೂವರೆ ವರ್ಷ ಹಾಗೇ ಕಳೆದಿತ್ತು.

ಮೊನ್ನೆ ಇವರು ಫೋನು ಮಾಡಿದ್ದರು. ಫೀಲ್ಡ್ ಅವಧಿ ಮುಗಿಯುತ್ತಾ ಬಂತು, ಮುಂದಿನದು ಪೀಸ್ ಸ್ಟೇಶನ್, ಅಂದರೆ ಕುಟುಂಬ ಜೊತೆಗಿರಬಹುದಾದ ಜಾಗ, ಕ್ವಾರ್ಟರ್ಸ್ ಸಿಗುತ್ತದೆ ಅಂದರು. ಮಗಳು ಈಗಲೂ ಶಾಲೆ ಬಿಟ್ಟ ಮೇಲೆ ಬಾಯಮ್ಮನ ಮನೆಗೇ ಹೋಗುವುದು. ಅವರಿಗೆ ನಾನು ಇನ್ನೂ ಹೇಳಿಲ್ಲ.