ಕಿಟ್‌ಕ್ಯಾಟ್: ಹೆಸರು ಚಾಕೊಲೇಟಿನದು, ಕೆಲಸ ವೇಫರಿನದು

ಬರೀ ಚಾಕೊಲೇಟ್ ಅಂತ ನೋಡಿದರೆ ಕಿಟ್‌ಕ್ಯಾಟ್‌ಗೆ ಹತ್ತಕ್ಕೆ ಐದು ಅಂಕ ಕೊಡುವುದೂ ಕಷ್ಟ. ಸಕ್ಕರೆ ಮೊದಲು ನಾಲಿಗೆಗೆ ಸಿಗುತ್ತದೆ, ಕೋಕೋ ಆಮೇಲೆ ಎಲ್ಲೋ. ಆದರೂ ತೊಂಬತ್ತು ವರ್ಷದಿಂದ ಅಂಗಡಿಯ ಮುಂದಿನ ಸಾಲು ಬಿಟ್ಟಿಲ್ಲವೆಂದರೆ ಅದರ ಪುಣ್ಯವೆಲ್ಲ ಒಳಗಿರುವ ವೇಫರಿನದು. ಮುರಿದಾಗ ‘ಟಕ್’ ಎನ್ನಬೇಕು, ಕಚ್ಚಿದಾಗ ಹುಡಿಯಾಗಬೇಕು. ಇವೆರಡೂ ಇದ್ದರೆ ಮಾಲು ಚೆನ್ನಾಗಿದೆ ಎಂದೇ ಲೆಕ್ಕ.

ಹುಟ್ಟಿದ್ದೂ ಹಾಗೆಯೇ. 1935ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಯಾರ್ಕ್‌ ನಗರದ ರೌನ್‌ಟ್ರೀ ಕಂಪನಿ ಇದನ್ನು ಮಾರುಕಟ್ಟೆಗೆ ಬಿಟ್ಟಾಗ ಇಟ್ಟ ಹೆಸರು ‘ಚಾಕೊಲೇಟ್ ಕ್ರಿಸ್ಪ್’, ಬೆಲೆ ಎರಡು ಪೆನ್ನಿ. ಕೆಲಸಕ್ಕೆ ಹೋಗುವವರು ಬುತ್ತಿಯ ಜೊತೆ ಇಟ್ಟುಕೊಂಡು ಬಿಡುವಿನಲ್ಲಿ ಮುರಿದು ತಿನ್ನಲಿ ಎಂಬ ಲೆಕ್ಕಾಚಾರ. ‘ಕಿಟ್ ಕ್ಯಾಟ್’ ಎಂಬ ಹೆಸರನ್ನು ಕಂಪನಿ 1911ರಲ್ಲೇ ನೋಂದಾಯಿಸಿಟ್ಟಿತ್ತು. ಅದು ಈ ಬಾರಿನ ಮೈಗೆ ಅಂಟಿದ್ದು 1937ರಲ್ಲಿ. ಯುದ್ಧಕಾಲದಲ್ಲಿ ಹಾಲಿಗೆ ಬರ ಬಂತು. 1942ರಿಂದ ಹಾಲಿಲ್ಲದ ಕಪ್ಪು ಚಾಕೊಲೇಟ್ ಹೊದಿಸಿ, ಕೆಂಪು ಹೊದಿಕೆ ತೆಗೆದು ನೀಲಿ ಸುತ್ತಿ ಮಾರಿದರು. ಹಳೆಯದು ಯುದ್ಧ ಮುಗಿಯುವವರೆಗೆ ಸಿಗದು ಎಂದು ಹೊದಿಕೆಯ ಮೇಲೇ ಅಚ್ಚು ಹಾಕಿದರು. ಸರಕು ಬದಲಾದರೆ ಬಣ್ಣವನ್ನೂ ಬದಲಿಸಿ ಹೇಳುವ ಆ ಪ್ರಾಮಾಣಿಕತೆ ಈಗಿನವರಿಗೂ ಇದ್ದಿದ್ದರೆ! 1988ರಲ್ಲಿ ನೆಸ್ಲೆ ರೌನ್‌ಟ್ರೀಯನ್ನು ಕೊಂಡಿತು. ಅಮೆರಿಕದಲ್ಲಿ ಮಾತ್ರ ಹಳೆಯ ಪರವಾನಗಿಯ ಮೇಲೆ ಇವತ್ತಿಗೂ ಹರ್ಷಿಯೇ ಮಾಡುತ್ತದೆ. ಭಾರತಕ್ಕೆ ಬಂದಿದ್ದು 1995ರಲ್ಲಿ.

ಇನ್ನು ವೇಫರ್. ಮೈದಾ, ನೀರು, ಚಿಟಿಕೆ ಸೋಡಾ, ಸ್ವಲ್ಪ ಎಣ್ಣೆ, ಎಣ್ಣೆ–ನೀರು ಬೆರೆಯುವಂತೆ ಮಾಡುವ ಲೆಸಿಥಿನ್. ವೇಫರ್ ಹಾಳೆಗೆ ಬೇಕಾದ ಸಾಮಾನು ಹೆಚ್ಚುಕಡಿಮೆ ಇಷ್ಟೇ. 100 ಭಾಗ ಮೈದಾಕ್ಕೆ ಸುಮಾರು 130ರಿಂದ 150 ಭಾಗ ನೀರು ಬೀಳುತ್ತದೆ, ಅಂದರೆ ನೀರುದೋಸೆ ಹಿಟ್ಟಿಗಿಂತ ತುಸು ಗಟ್ಟಿ. ಗ್ಲುಟೆನ್ (ಗೋಧಿ ಹಿಟ್ಟಿಗೆ ಜಿಗುಟು ಕೊಡುವ ಪ್ರೋಟೀನ್) ಕಡಿಮೆಯಿರುವ ಹಿಟ್ಟೇ ಬೇಕು, ತಣ್ಣನೆಯ ನೀರೇ ಬೇಕು, ಕಲಸುವುದೂ ಹಿತಮಿತವಾಗಿ. ಅತಿಯಾಗಿ ಕಲಸಿದರೆ ಗ್ಲುಟೆನ್ ನೂಲುನೂಲಾಗಿ ಕೂಡಿಕೊಂಡು ಹಿಟ್ಟು ಹೊಯ್ಯುವ ನಳಿಗೆಯನ್ನೇ ಕಟ್ಟಿಸುತ್ತದೆ. ಕಾದ ಎರಡು ಕಬ್ಬಿಣದ ಹಂಚುಗಳ ನಡುವೆ ಹಿಟ್ಟು ಬಿದ್ದ ಕೂಡಲೇ ನೀರು ಆವಿಯಾಗಿ ಅಂಚಿನಿಂದ ಚಿಮ್ಮುತ್ತದೆ. ಹಾಳೆಯೊಳಗೆ ಸಾವಿರಾರು ಗಾಳಿಗೂಡು ಬಿಡುವುದು ಸೋಡಾಕ್ಕಿಂತ ಹೆಚ್ಚಾಗಿ ಈ ಆವಿಯೇ. ಎರಡು ನಿಮಿಷದ ಆಸುಪಾಸಿನಲ್ಲಿ ಬೆಂದು ಹೊರಬರುವಾಗ ಹಾಳೆಯಲ್ಲಿ ಉಳಿಯುವ ತೇವ ಶೇ. 1–2.

ಹಾಗೆಂದು ಪೂರಾ ಒಣಗಿಸಿಬಿಟ್ಟರೂ ಆಗದು. ತೀರಾ ಒಣ ವೇಫರ್ ಮೇಲೆ ಚಾಕೊಲೇಟ್ ಹೊದಿಸಿದರೆ ಅದು ದಿನ ಕಳೆದಂತೆ ತೇವ ಎಳೆದುಕೊಂಡು ಹಿಗ್ಗುತ್ತದೆ. ಹೊದಿಕೆ ಹಿಗ್ಗುವುದಿಲ್ಲ, ಬಿರುಕು ಬಿಡುತ್ತದೆ. ಆ ಬಿರುಕಿನಿಂದ ಇನ್ನಷ್ಟು ಗಾಳಿ ಒಳಹೊಕ್ಕು ವೇಫರ್ ಮೆತ್ತಗಾಗುತ್ತದೆ. ತೇವ ಶೇ. 5 ದಾಟಿದರೆ ಗರಿಗರಿ ಮುಗಿದ ಹಾಗೆ.

ಮೂರು ಹಾಳೆ, ನಡುವೆ ಎರಡು ಪದರ ಕ್ರೀಮ್. ಆ ಕ್ರೀಮಿನೊಳಗೆ ಏನಿದೆ ಗೊತ್ತೇ? ಮುರಿದ, ಓರೆಯಾದ, ಅಂಗಡಿಗೆ ಕಳಿಸಲಾಗದ ಕಿಟ್‌ಕ್ಯಾಟ್‌ಗಳನ್ನೇ ನುಣ್ಣಗೆ ಅರೆದು ಸೇರಿಸುತ್ತಾರೆ. ಒಂದು ಕಿಟ್‌ಕ್ಯಾಟ್‌ನೊಳಗೆ ಹಿಂದಿನ ಕಿಟ್‌ಕ್ಯಾಟ್, ಅದರೊಳಗೆ ಅದರ ಹಿಂದಿನದು. ಹೆಪ್ಪಿಗೆ ನಿನ್ನೆಯ ಮೊಸರು ಹಾಕುವ ಮನೆಯವರಿಗೆ ಇದೇನೂ ವಿಚಿತ್ರವಲ್ಲ.

ಚಾಕೊಲೇಟ್ ಹೊದಿಸುವುದು ವೇಫರ್ ಮೇಲೆ ಸುರಿದಲ್ಲ, ಅಚ್ಚಿನಲ್ಲಿ. ಮೊದಲು ಅಚ್ಚಿಗೆ ಕರಗಿದ ಚಾಕೊಲೇಟ್ ಹೊಯ್ದು, ಗುಳ್ಳೆ ಹೋಗಲೆಂದು ಅದುರಿಸಿ, ವೇಫರ್ ಕಡ್ಡಿ ಇಳಿಸಿ, ಮೇಲೆ ಮತ್ತೆ ಚಾಕೊಲೇಟ್ ಹೊಯ್ದು ಹೆರೆದು ತಂಪು ಸುರಂಗಕ್ಕೆ ಕಳಿಸುತ್ತಾರೆ. ಮೇಲಿನ ಅಕ್ಷರ ಅಷ್ಟು ಚೂಪಾಗಿ ಮೂಡುವುದು ಇದರಿಂದಲೇ. ಯಾವಾಗಲಾದರೂ ವೇಫರೇ ಇಲ್ಲದ, ಇಡೀ ಚಾಕೊಲೇಟಿನ ಕಡ್ಡಿ ಸಿಕ್ಕಿದರೆ ಅದು ಅದೃಷ್ಟವಲ್ಲ, ವೇಫರ್ ಅಚ್ಚಿಗೆ ಬೀಳದೆ ತಪ್ಪಿಸಿಕೊಂಡಿದೆ ಅಷ್ಟೆ.

ನಮ್ಮ ದೇಶದ ಮಾಲಿನ ಬಗ್ಗೆ ಒಂದು ತಕರಾರು ಇದೆ. ಪೊಟ್ಟಣ ತಿರುಗಿಸಿ ಓದಿ: ‘ಚಾಕೊಲೇಟ್’ ಎಂದಿರುವುದಿಲ್ಲ, ‘ಚಾಕೊ ಲೇಯರ್’ ಎಂದಿರುತ್ತದೆ. ಕೋಕೋ ಬೆಣ್ಣೆಯಲ್ಲದ ಸಸ್ಯಕೊಬ್ಬು ಶೇ. 5ಕ್ಕಿಂತ ಹೆಚ್ಚಾದರೆ ಅದನ್ನು ಚಾಕೊಲೇಟ್ ಎಂದು ಕರೆಯಲು ನಮ್ಮ ಆಹಾರ ನಿಯಮ ಬಿಡುವುದಿಲ್ಲ. ಸಸ್ಯಕೊಬ್ಬು ಅಗ್ಗ, ಬಿಸಿಲಿಗೆ ಗಟ್ಟಿ. ಕೋಕೋ ಬೆಣ್ಣೆ 33–34 ಡಿಗ್ರಿಯಲ್ಲೇ ಕರಗುವುದರಿಂದ ರಾಯಚೂರಿನ ಏಪ್ರಿಲ್‌ನಲ್ಲಿ ಅಸಲಿ ಚಾಕೊಲೇಟ್ ಗೂಡಂಗಡಿಯಲ್ಲಿ ಬದುಕುವುದು ಕಷ್ಟವೇ. ಆದರೆ ಬಿಸಿಲಿಗೆ ಕರಗದ್ದು ಬಾಯಲ್ಲೂ ಬೇಗ ಕರಗದು. ಅಂಗುಳಿಗೆ ಮೇಣದಂತೆ ಅಂಟುವ ಆ ಪದರ ಅದರದ್ದೇ. ಬ್ರಿಟನ್ನಿನ ಕಿಟ್‌ಕ್ಯಾಟ್ ಜೊತೆಗಿಟ್ಟು ತಿಂದರೆ ವ್ಯತ್ಯಾಸ ಮೊದಲ ತುತ್ತಿಗೇ ತಿಳಿಯುತ್ತದೆ.

ಕೊಳ್ಳುವಾಗ ಪೊಟ್ಟಣದ ಮೇಲಿಂದಲೇ ಬೆರಳಾಡಿಸಿ. ಕಡ್ಡಿಗಳ ಅಂಚು ದುಂಡಗಾಗಿದ್ದರೆ, ನಡುವಿನ ಗೆರೆ ಸಿಗದಿದ್ದರೆ ಒಮ್ಮೆ ಕರಗಿ ಮತ್ತೆ ಗಟ್ಟಿಯಾದ ಮಾಲು, ವಾಪಸ್ ಕೊಡಿ. ಬಿಡಿಸಿದ ಮೇಲೆ ಬೂದು ಬಣ್ಣದ ಪೊರೆ ಕಂಡರೆ ಅದು ಬೂಷ್ಟಲ್ಲ, ಮೇಲಕ್ಕೆದ್ದ ಕೊಬ್ಬು. ತಿಂದರೆ ತೊಂದರೆಯಿಲ್ಲ, ರುಚಿ ಮಂಕು. ಫ್ರಿಜ್ಜಿನಲ್ಲಿ ಇಡಲೇಬೇಕಾದರೆ ಗಾಳಿಯಾಡದ ಡಬ್ಬಿಯಲ್ಲಿಡಿ, ಹೊರತೆಗೆದ ಮೇಲೆ ಇಪ್ಪತ್ತು ನಿಮಿಷ ಡಬ್ಬಿ ತೆರೆಯಬೇಡಿ. ತಣ್ಣಗಿನ ಬಾರಿನ ಮೇಲೆ ನೀರು ಕೂತರೆ ಮೇಲಿನ ಸಕ್ಕರೆ ಕರಗಿ, ಒಣಗಿದ ಮೇಲೆ ಒರಟು ಬಿಳಿ ಕಲೆ ಉಳಿಯುತ್ತದೆ. ಒಡೆದ ಪೊಟ್ಟಣವನ್ನು ಕರಾವಳಿಯ ಮಳೆಗಾಲದಲ್ಲಿ ನಾಳೆಗೆ ಎತ್ತಿಡುವ ಆಸೆ ಬೇಡ. ನಾಲ್ಕೂ ಕಡ್ಡಿ ಅವತ್ತೇ ಮುಗಿಸಿ.